ಶನಿವಾರದ ಇಸ್ತ್ರಿ

ಡಾಕ್ಟರು ಹಾಳೆಯ ಮೇಲೆ ಮೂರು ವೃತ್ತ ಬರೆದರು, ಒಂದಕ್ಕೊಂದು ಸ್ವಲ್ಪ ತಾಗುವ ಹಾಗೆ. ಒಂದರೊಳಗೆ ರಕ್ತ ಎಂದು ಬರೆದರು, ಇನ್ನೊಂದರೊಳಗೆ ಮನಸ್ಸು, ಮೂರನೆಯದರೊಳಗೆ ಮನೆ. ಆಮೇಲೆ ಮೂರೂ ಸೇರುವ ನಡುವಿನ ಜಾಗವನ್ನು ಪೆನ್ನಿನ ತುದಿಯಿಂದ ಕುಟ್ಟಿ, “ನಿಮ್ಮ ಮಗಳು ಇಲ್ಲಿದ್ದಾಳಮ್ಮ,” ಎಂದರು.

ಎದುರು ಕುಳಿತಿದ್ದ ತಾಯಿ ಬಗ್ಗಿ ನೋಡಿದಳು. ಆ ಜಾಗ ಅಂಗಿಯ ಗುಂಡಿಯಷ್ಟೂ ಅಗಲವಿರಲಿಲ್ಲ. ಮಗಳು ನಿಜವಾಗಿ ಇದ್ದದ್ದು ಹೊರಗಿನ ಹಜಾರದಲ್ಲಿ, ಬೆಂಚಿನ ತುದಿಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು. ಯಾರಾದರೂ ಹತ್ತಿರ ಹಾದರೆ ಫ್ರಾಕಿನ ಅಂಚನ್ನೆತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಒಂದು ವರ್ಷದ ಹಿಂದೆ ಇದೇ ಹುಡುಗಿಗೆ ಬಾಯಿ ಮುಚ್ಚು ಎಂದು ಹೇಳಿ ಹೇಳಿ ಮನೆಯವರ ಬಾಯಿ ನೋಯುತ್ತಿತ್ತು. ಗಿಣಿ ಎಂಬ ಅಡ್ಡಹೆಸರು ಬಿದ್ದದ್ದೇ ಅದಕ್ಕೆ. ಈಗ ಗಿಣಿ ಬಾಯಿ ಬಿಡುವುದು ಅಳುವುದಕ್ಕೆ, ಇಲ್ಲವೇ ಕೈಗೆ ಸಿಕ್ಕಿದ್ದನ್ನು ಎಸೆಯುವ ಮುಂಚೆ ಕಿರುಚುವುದಕ್ಕೆ. ಶಾಲೆಯ ಹೆಡ್‌ಮಿಸ್ ಅವಳ ನೋಟ್‌ಬುಕ್ ತೆರೆದು ತೋರಿಸಿದ್ದರು: ಮೊದಲ ಪುಟದಲ್ಲಿ ಮುತ್ತು ಪೋಣಿಸಿದಂಥ ಅಕ್ಷರ, ಕೊನೆಯ ಪುಟದಲ್ಲಿ ನಡುಗುವ ಗೀಟುಗಳು. ಒಂಬತ್ತು ವರ್ಷದ ಮಗುವಿನ ಕೈ ಎಂಬತ್ತರ ಮುದುಕಿಯ ಕೈಯಂತಾಗಿತ್ತು.

ಡಾಕ್ಟರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಮುಕ್ಕಾಲು ಗಂಟೆ ಕೂತು ಕೇಳಿದ್ದರು. ಹೆರಿಗೆ ಸರಾಗವಾಯಿತೇ, ಜ್ವರ ತಲೆಗೇರಿತ್ತೇ, ಗಂಡ ಹೆಂಡತಿ ಜಗಳವಾಡುತ್ತೀರಾ, ಮಗುವಿಗೆ ಹೊಡೆಯುತ್ತೀರಾ. ಕೊನೆಯದಕ್ಕೆ ತಾಯಿ ತಲೆ ತಗ್ಗಿಸಿದಳು. ಹೊಡೆದಿದ್ದಳು. ನಾಲ್ಕು ತಿಂಗಳ ಹಿಂದೆ, ಹಾಲಿನ ಲೋಟ ಮೂರನೆಯ ಸಲ ಕೆಡವಿದಾಗ, ಕೆನ್ನೆಯ ಮೇಲೆ ಐದು ಬೆರಳೂ ಮೂಡುವ ಹಾಗೆ. ತಾನು ಹಾಗೆ ಕೈಯೆತ್ತುವವಳೇ ಅಲ್ಲ ಎಂದುಕೊಂಡಿದ್ದವಳು. ಅಂದಿನಿಂದ ಮಗುವಿನ ಒಂದೊಂದು ನಡುಕವೂ ಆ ಏಟಿನದೇ ಎಂದು ಅವಳೊಳಗೆ ಕೂತುಬಿಟ್ಟಿತ್ತು. ಡಾಕ್ಟರು ಅದನ್ನು ಬರೆದುಕೊಂಡರು. ತಂದೆಯ ಉದ್ಯೋಗ? ಥರ್ಮಾಮೀಟರ್ ಕಾರ್ಖಾನೆ. “ಓ, ಒಳ್ಳೆ ಮಾಲು ಅವರದ್ದು,” ಎಂದು ಜೇಬು ತಟ್ಟಿಕೊಂಡು ನಕ್ಕರು. ಅಲ್ಲೇ ಒಂದು ಇತ್ತು.

“ಮನೆತನದಲ್ಲಿ ಯಾರಿಗಾದ್ರೂ ಈ ಥರ ಆಗಿತ್ತಾ?”

ಹೇಳದೆ ಇರಬಹುದಿತ್ತು. ಆದರೆ ಆ ಕುರ್ಚಿಯಲ್ಲಿ ಕೂತರೆ ಬಾಯಿ ತನ್ನಷ್ಟಕ್ಕೆ ಬಿಟ್ಟುಕೊಳ್ಳುತ್ತದೆ. “ನನ್ನ ನಾದಿನಿಗೆ,” ಎಂದಳು. “ನಮ್ಮ ಯಜಮಾನರ ತಂಗಿ. ಮನಸ್ಸಿನ ಕಾಯಿಲೆಯ ದೊಡ್ಡಾಸ್ಪತ್ರೆಯಲ್ಲಿದ್ದಾಳೆ. ಏಳು ವರ್ಷ ಆಯ್ತು.”

ಡಾಕ್ಟರ ಪೆನ್ನು ನಿಂತಿತು. ಆಮೇಲೆ ಓಡಿತು. ರಕ್ತ ಎಂಬ ವೃತ್ತಕ್ಕೆ ಇನ್ನೊಂದು ಸುತ್ತು ಬಿತ್ತು, ಅದರ ಕೆಳಗೆ ಎರಡು ಗೆರೆ. ಇಂಥ ಕಾಯಿಲೆಗೆ ಒಂದೇ ಕಾರಣ ಅಂತ ಇರುವುದಿಲ್ಲ, ಎಂದು ವಿವರಿಸಿದರು. ಬೀಜ ರಕ್ತದಲ್ಲಿರುತ್ತದೆ, ಮನಸ್ಸು ಮೆತ್ತಗಿದ್ದರೆ ಬೇರು ಬಿಡುತ್ತದೆ, ಮನೆಯಲ್ಲಿ ಏನಾದರೊಂದು ನಡೆದಾಗ ತಲೆ ಎತ್ತುತ್ತದೆ. ಸರಿಯಾಗಿಯೇ ಹೇಳಿದರು, ಅವರು ಓದಿದ ಪುಸ್ತಕಗಳೆಲ್ಲ ಹಾಗೇ ಹೇಳುತ್ತವೆ. ಆಮೇಲೆ ಒಂದು ನಮೂನೆಯನ್ನು ಮುಂದಕ್ಕೆ ಸರಿಸಿದರು. ದೊಡ್ಡಾಸ್ಪತ್ರೆಯಲ್ಲಿ ಮಕ್ಕಳಿಗೆ ಬೇರೆ ವಾರ್ಡ್ ಇದೆ, ಮುಂದಿನ ಬುಧವಾರ ಒಂದು ಹಾಸಿಗೆ ಖಾಲಿಯಾಗುತ್ತದೆ, ತಂದೆಯ ಸಹಿ ಬೇಕು.

“ಎಷ್ಟು ದಿನ ಇಟ್ಕೋತಾರೆ?”

“ಆರು ತಿಂಗಳು. ಹೆಚ್ಚೇನಿಲ್ಲ.”

ನಾದಿನಿಗೂ ಆರು ತಿಂಗಳು ಎಂದೇ ಹೇಳಿದ್ದರು.

ಗಂಡ ಸಂಜೆ ಕಾರ್ಖಾನೆಯಿಂದ ಬಂದವನು ನಮೂನೆಯನ್ನು ನಿಂತೇ ಓದಿದ. ಕೋಪವೆಂಬುದು ಈಚೆಗೆ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಸ್ಸಿನಲ್ಲಿ ಯಾರೋ ಕಾಲು ತುಳಿದರೂ ಅದನ್ನು ಮನೆಗೆ ತಂದು ಇಳಿಸುತ್ತಿದ್ದ. “ನನ್ನ ತಂಗಿ ವಿಷಯ ಯಾಕೆ ಎತ್ತಿದೆ? ಕೇಳಿದ ತಕ್ಷಣ ವರದಿ ಒಪ್ಪಿಸಿಬಿಡೋದಾ?”

“ಕೇಳಿದ್ರೆ ಸುಳ್ಳು ಹೇಳ್ಲಾ?”

“ನಮ್ಮ ಮನೆತನದ್ದೇ ತಪ್ಪು ಅಂತಾಯ್ತಲ್ಲ. ನಿನಗೆ ಅದೇ ಬೇಕಿತ್ತು.”

“ನಾನು ಹೊಡೆದಿದ್ದನ್ನೂ ಹೇಳಿದೀನಿ ಕಣ್ರೀ. ಇಬ್ಬರದ್ದೂ ಸಮ ಆಯ್ತು, ಸಾಕಾ?”

ಅವನು ಸಹಿ ಹಾಕಲಿಲ್ಲ, ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಹಾಳೆಯನ್ನು ರೇಡಿಯೊದ ಕೆಳಗೆ ಸಿಕ್ಕಿಸಿ ಮುಖ ತೊಳೆಯಲು ಹೋದ. ನಲ್ಲಿಯ ಕೆಳಗೆ ಅವನ ಕೈಗಳೂ ಸಣ್ಣಗೆ ನಡುಗುತ್ತಿದ್ದುದನ್ನು ಹೆಂಡತಿ ನೋಡಿದಳು, ಪಾಪ ಇವರಿಗೂ ಚಿಂತೆ ಎಂದುಕೊಂಡಳು.

ಅವನು ಕೆಲಸ ಮಾಡುತ್ತಿದ್ದದ್ದು ತುಂಬುವ ವಿಭಾಗದಲ್ಲಿ. ಗಾಜಿನ ಸಪೂರ ನಳಿಗೆಗಳಿಗೆ ಪಾದರಸ ತುಂಬಿ, ತುದಿ ಕರಗಿಸಿ ಮುಚ್ಚುವ ಕೆಲಸ. ಅಲ್ಲಿಯ ಮೇಸ್ತ್ರಿಗೆ ಬಿಳಿ ಕೋಟಿನ ಹುಚ್ಚು. ಸೋಮವಾರ ಬೆಳಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಾಲರು, ತೋಳು, ಜೇಬಿನ ಅಂಚು ನೋಡುತ್ತಾನೆ. ಒಂದು ಸುಕ್ಕು ಕಂಡರೆ, “ಏನಪ್ಪಾ, ಹೆಂಡತಿ ತವರಿಗೆ ಹೋಗಿದಾಳಾ?” ಎಂದು ಸಾಲೆಲ್ಲ ನಗುವಂತೆ ಕೇಳುತ್ತಾನೆ. ಮೊದಲು ಕಾರ್ಖಾನೆಯಲ್ಲೇ ಲಾಂಡ್ರಿ ಇತ್ತು. ಎಂಟು ವರ್ಷದ ಹಿಂದೆ ಅದನ್ನು ಮುಚ್ಚಿ ಆ ಜಾಗದಲ್ಲಿ ಪ್ಯಾಕಿಂಗ್ ಶುರು ಮಾಡಿದರು. ಕೋಟುಗಳು ಅವರವರ ಮನೆಗೆ ಬಂದವು. ನಮ್ಮ ಈ ತಾಯಿ ಅಂಥದ್ದಕ್ಕೆ ಹಿಂಜರಿಯುವವಳಲ್ಲ. ಅವಳ ಇಸ್ತ್ರಿ ಎಂದರೆ ಇಸ್ತ್ರಿ. ವರ್ಷದ ಅತಿ ಶುಚಿಯಾದ ಕೆಲಸಗಾರ ಎಂಬ ತಗಡಿನ ಬಿಲ್ಲೆ ಅವಳ ಗಂಡನಿಗೆ ಮೂರು ಸಲ ಬಂದಿತ್ತು, ಮೂರನ್ನೂ ಅವಳು ಕನ್ನಡಿಯ ಪಕ್ಕ ನೇತುಹಾಕಿದ್ದಳು.

ಕೆಲಸ ನಡೆಯುತ್ತಿದ್ದದ್ದು ಹಿಂಬದಿಯ ಸಣ್ಣ ಕೋಣೆಯಲ್ಲಿ. ಮರದ ಹಲಗೆ ಹಾಸಿದ ನೆಲ, ಒಂದು ಮಂಚ, ಒಂದು ಮೇಜು, ರಸ್ತೆಗೆ ತೆರೆದುಕೊಳ್ಳುವ ಒಂದೇ ಕಿಟಕಿ. ಲಾರಿಗಳ ಕರಿ ಮಸಿ ಬಿಳಿ ಬಟ್ಟೆಯ ಮೇಲೆ ಕೂರುತ್ತದೆಂದು ಅವಳು ಆ ಕಿಟಕಿಯ ಸಂದುಗಳಿಗೆ ಕಾಗದ ಅಂಟಿಸಿ ಭದ್ರವಾಗಿ ಮುಚ್ಚಿದ್ದಳು. ಶನಿವಾರ ಸಂಜೆ ಅಲ್ಲಿ ಸೆಕೆ ಸೆಕೆಯಾಗಿ, ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಚುಂಯ್ ಎನ್ನುತ್ತಾ, ಚೆನ್ನಾಗಿರುತ್ತಿತ್ತು. ಎರಡು ವರ್ಷದ ಹಿಂದೆ ಆ ಕೋಣೆಯನ್ನು ಗಿಣಿಗೆ ಕೊಟ್ಟರು. ಅಂದಿನಿಂದ ಶನಿವಾರ ಸಂಜೆ ತಾಯಿ ಇಸ್ತ್ರಿ ಹಾಕುವುದು, ಮಗಳು ಮಂಚದ ಮೇಲೆ ಕಾಲು ಚಾಚಿ ಪಾಠ ಓದಿ ಹೇಳುವುದು. ಕೋಟಿನ ಜೇಬು ಒದರಿದರೆ ಒಂದೆರಡು ಬೆಳ್ಳಿ ಹನಿ ಉರುಳುತ್ತಿದ್ದವು. ಗಿಣಿ ಅವನ್ನು ಬೆರಳಿನಿಂದ ಓಡಿಸಿ, ಹಲಗೆಯ ಸಂದಿಗೆ ಬೀಳುವವರೆಗೂ ಅಟ್ಟಿಕೊಂಡು ಹೋಗುತ್ತಿದ್ದಳು. ಉಳಿದ ವಾರವೆಲ್ಲ ಅಡುಗೆ, ಅಂಗಡಿ, ಬಸ್ಸು ಎಂದು ಓಡಾಟವೇ. ಆ ಒಂದು ಗಂಟೆ ಮಾತ್ರ ತಾಯಿ ಮಗಳದ್ದು. ತಾಯಿಗೆ ತನ್ನ ಬದುಕಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಗಂಟೆ ಯಾವುದು ಎಂದು ಕೇಳಿದ್ದರೆ ಇದನ್ನೇ ಹೇಳುತ್ತಿದ್ದಳು.

ಈ ಶನಿವಾರ ಗಿಣಿ ಓದಲಿಲ್ಲ. ಹೊದಿಕೆಯೊಳಗೆ ಮುದುರಿ ಗೋಡೆಯ ಕಡೆ ತಿರುಗಿದ್ದಳು. ತಾಯಿ ಇಸ್ತ್ರಿ ಹಾಕುತ್ತಲೇ ತಾನೇ ಪಾಠ ಓದಿದಳು, ಪುಸ್ತಕವನ್ನು ಮೇಜಿನ ತುದಿಯಲ್ಲಿ ಒರಗಿಸಿಟ್ಟು. ನಡುನಡುವೆ ಬೇಕಂತಲೇ ತಪ್ಪು ಓದಿದಳು, ಮಗಳು ತಿದ್ದಲಿ ಎಂದು. ಹೊದಿಕೆ ಅಲುಗಲಿಲ್ಲ.

ಭಾನುವಾರ ಬೆಳಗ್ಗೆ ಪಾತ್ರೆ ತೊಳೆಯುವಾಗ ಅವಳ ಕಣ್ಣು ಉಂಗುರದ ಮೇಲೆ ಬಿತ್ತು. ಮದುವೆಯಲ್ಲಿ ಗಂಡ ತೊಡಿಸಿದ ಚಿನ್ನದ ಉಂಗುರ. ಒಂದು ಬದಿ ಪೂರ್ತಿ ಬೆಳ್ಳಗಾಗಿತ್ತು. ಸೋಪು ಹಾಕಿದಳು, ಬೂದಿ ಹಾಕಿ ತಿಕ್ಕಿದಳು, ಹೋಗಲಿಲ್ಲ. ದುಃಖ ತುಂಬಿಕೊಂಡವರಿಗೆ ಸಿಟ್ಟಿಗೊಂದು ನೆಪ ಸಿಕ್ಕಿದರೆ ಎಷ್ಟು ಹಿತ! ಹನ್ನೊಂದು ವರ್ಷದಿಂದ ತಗಡು ಸುತ್ತಿಕೊಂಡು ತಿರುಗಿದೆನಲ್ಲ, ಅದಕ್ಕೊಂದು ಮೆರುಗು ಬೇರೆ, ಎಂದು ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗಂಡನಿಗೆ ಏನೂ ಹೇಳದೆ ಸೋಮವಾರ ಅವನು ಕೆಲಸಕ್ಕೆ ಹೋದದ್ದೇ ತಡ, ಗಿಣಿಯನ್ನು ಎಳೆದುಕೊಂಡು ಅಕ್ಕಸಾಲಿಗನ ಅಂಗಡಿಗೆ ನಡೆದಳು.

ಅಕ್ಕಸಾಲಿಗ ಮುದುಕ, ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ಉಂಗುರವನ್ನು ಭೂತಗನ್ನಡಿಯಲ್ಲಿ ಒಂದು ಸಲ ನೋಡಿದ, ಅವಳ ಮುಖವನ್ನು ಇನ್ನೊಂದು ಸಲ.

“ಚಿನ್ನ ಅಪ್ಪಟ ಇದೆ ತಾಯಿ. ಇದಕ್ಕೆ ಪಾದರಸ ತಾಗಿದೆ. ಚಿನ್ನ ಕಂಡ್ರೆ ಸಾಕು, ಅದು ಬಂದು ಅಂಟ್ಕೊಳ್ಳುತ್ತೆ.”

“ಹೋಗುತ್ತಾ?”

“ಬಿಸಿ ಮಾಡಿದ್ರೆ ಹೊಗೆಯಾಗಿ ಹೋಗುತ್ತೆ. ಆದ್ರೆ ಇಲ್ಲಿ ಒಳಗಡೆ ಮಾಡಲ್ಲ. ಹಿತ್ತಲಲ್ಲಿ, ಗಾಳಿ ಆ ಕಡೆ ಬೀಸೋವಾಗ ಮಾಡ್ತೀನಿ. ನೀವು ಸಂಜೆ ಬನ್ನಿ.”

“ಇಷ್ಟು ಚೂರಿಗೆ ಹಿತ್ತಲು ಯಾಕೆ ಅಜ್ಜ?”

ಮುದುಕ ಉಂಗುರವನ್ನು ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದ. “ನಮ್ಮಪ್ಪ ಇದೇ ಕೋಣೇಲಿ ಮಾಡ್ತಿದ್ರು, ಬಾಗಿಲು ಹಾಕ್ಕೊಂಡು. ಪಾದರಸದಲ್ಲಿ ಚಿನ್ನ ಕಲಸಿ ಬೆಳ್ಳಿಗೆ ಹಚ್ಚಿ, ಕಾಯಿಸಿ ಮುಲಾಮು ಏರಿಸೋ ಕೆಲಸ. ಊರಲ್ಲೇ ಅವರಷ್ಟು ಮಾತುಗಾರ ಇನ್ನೊಬ್ಬರಿಲ್ಲ ಅನ್ನೋರು. ಕೊನೆಕೊನೆಗೆ ಗಿರಾಕಿ ಬಂದ್ರೆ ಓಡಿಹೋಗಿ ಬಾಗಿಲ ಸಂದೀಲಿ ನಿಂತ್ಕೊಳ್ಳೋರು. ನಾಚಿಕೆ. ಏನು ನಾಚಿಕೆ ಅಂತೀರಾ, ನನ್ನ ಮುಖಾನೂ ನೋಡ್ತಿರ್ಲಿಲ್ಲ. ಕೈ ನಡುಗೋದು, ಒಂದು ಮಾತಂದ್ರೆ ಅಳೋರು, ಇಲ್ಲಾ ಸುತ್ತಿಗೆ ಬೀಸೋರು. ಹುಚ್ಚು ಅಂತ ಊರೆಲ್ಲ ಹೇಳ್ತು. ನಾನೂ ಹೇಳ್ದೆ. ಅವರು ಹೋದ್ಮೇಲೆ ಬೇರೆ ಊರಿನ ಅಕ್ಕಸಾಲಿಗ ಒಬ್ಬ ಹೇಳಿದ, ಇದು ಹುಚ್ಚಲ್ಲ ಕಣೋ, ಇದು ನಮ್ಮ ಕಸುಬಿನ ಹೊಗೆ ಅಂತ.”

ಮಾತಾಡುತ್ತಾ ಅವನು ಗಿಣಿಯ ಕಡೆ ನೋಡಿದ. ಗಿಣಿ ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿ ನಿಂತಿದ್ದಳು. ಸೆರಗನ್ನು ಹಿಡಿದ ಆ ಪುಟ್ಟ ಕೈ ನಡುಗುತ್ತಿತ್ತು. ಮುದುಕ ಆ ಕೈಯನ್ನೂ ಮುಚ್ಚಿದ ಡಬ್ಬಿಯನ್ನೂ ನೋಡಿದ.

ತಾಯಿಗೆ ಕಂಡದ್ದು ಕಾಗದ ಅಂಟಿಸಿದ ಕಿಟಕಿ. ಒದ್ದೆ ಕೋಟಿನ ಹೊಲಿಗೆಯ ಮೇಲೆ ಇಸ್ತ್ರಿ ಒತ್ತಿದಾಗ ಏಳುತ್ತಿದ್ದ ಹಬೆ. ಆ ಹಬೆಯಲ್ಲಿ ಕಾಲು ಚಾಚಿ ಕೂತು, ಬಾಯಿ ತುಂಬ ಉಸಿರೆಳೆದುಕೊಂಡು ಓದುತ್ತಿದ್ದ ಮಗಳು. ಬಾಯಿಯಲ್ಲಿ ತಿಂಗಳುಗಳಿಂದ ತಾಮ್ರ ನೆಕ್ಕಿದಂಥ ರುಚಿ ಇತ್ತಲ್ಲ ತನಗೂ, ಅದೂ ನೆನಪಾಯಿತು. ಅಕ್ಕಸಾಲಿಗನಿಗೆ ಹೇಳದೆ ಕೇಳದೆ ಹೊರಬಿದ್ದು, ಮಗಳನ್ನು ಎತ್ತಿಕೊಂಡು ಓಡಿದಳು. ಒಂಬತ್ತು ವರ್ಷದ ಮಗುವನ್ನು ಎತ್ತಿಕೊಂಡು ಓಡುವ ಹೆಂಗಸನ್ನು ಬೀದಿ ನಿಂತು ನೋಡಿತು.

ಮನೆಗಲ್ಲ, ನೇರ ಡಾಕ್ಟರ ಹತ್ತಿರ. ಸರದಿಯಲ್ಲಿದ್ದವರು ಬೈದರೂ ನುಗ್ಗಿದಳು. ಉಸಿರು ಕಟ್ಟಿಕೊಂಡು ಉಂಗುರ, ಕೋಟು, ಕಿಟಕಿ, ಅಕ್ಕಸಾಲಿಗನ ಅಪ್ಪ ಎಂದು ಹಿಂದುಮುಂದಾಗಿ ಹೇಳಿದಳು. ಡಾಕ್ಟರು ಮೊದಲು ನಗುಮುಖ ಮಾಡಿಕೊಂಡರು, ತಾಯಂದಿರು ಇಂಥದ್ದನ್ನು ಹುಡುಕಿಕೊಂಡು ಬರುತ್ತಾರೆ ಎಂಬಂತೆ. ಅರ್ಧಕ್ಕೆ ಬರುವಷ್ಟರಲ್ಲಿ ಆ ನಗು ಹೋಗಿತ್ತು. ಎದ್ದು ಬಂದು ಗಿಣಿಯ ಬಾಯಿ ತೆರೆಸಿ ವಸಡು ನೋಡಿದರು. ಅಂಗೈ ನೋಡಿದರು. ಆಮೇಲೆ ಜೇಬಿನಿಂದ ಥರ್ಮಾಮೀಟರ್ ತೆಗೆದು, ಅದನ್ನು ಮೊದಲ ಸಲ ನೋಡುವವರಂತೆ ನೋಡಿ, ಮೇಜಿನ ಮೇಲಿಟ್ಟರು.

“ತಂದೆ ಏನು ಕೆಲಸ ಅಂತ ಕೇಳಿದ್ದೆ ನಾನು,” ಎಂದರು. “ಬರ್ಕೊಂಡೂ ಇದ್ದೆ.”

ಹತ್ತು ದಿನದ ಮೇಲೆ ಪ್ರಯೋಗಾಲಯದ ವರದಿ ಬಂತು. ಮಗುವಿನ ಮೂತ್ರದಲ್ಲಿ ಇರಬಾರದಷ್ಟು ಪಾದರಸವಿತ್ತು. ತಾಯಿಯದರಲ್ಲೂ ಇತ್ತು, ಅದಕ್ಕಿಂತ ಕಡಿಮೆ. ಗಂಡ ಪರೀಕ್ಷೆಗೇ ಹೋಗಲಿಲ್ಲ. “ನನಗೇನಾಗಿದೆ? ಹದಿಮೂರು ವರ್ಷದಿಂದ ಅದರ ಜೊತೆಗೇ ಇದ್ದೀನಿ,” ಎಂದ, ನಡುಗುವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. ಕೆಲಸ ಬಿಟ್ಟರೆ ಉಣ್ಣುವುದೇನು ಎಂದೂ ಕೇಳಿದ. ಕೋಟನ್ನು ಮಾತ್ರ ಅವನು ಮನೆಗೆ ತರುವುದನ್ನು ನಿಲ್ಲಿಸಿದ. ಸೋಮವಾರ ಸುಕ್ಕುಗಟ್ಟಿದ ಕೋಟಿನಲ್ಲೇ ನಿಂತು ಮೇಸ್ತ್ರಿಯ ಮಾತು ಕೇಳಿಸಿಕೊಂಡ. ಹೆಂಡತಿ ಕಿಟಕಿಯ ಕಾಗದ ಕಿತ್ತುಹಾಕಿದಳು, ಆ ಕೋಣೆಯಲ್ಲಿ ಇನ್ನು ಯಾರೂ ಮಲಗಕೂಡದು ಎಂದಳು.

ಗಿಣಿಯನ್ನು ದೊಡ್ಡಾಸ್ಪತ್ರೆಗೆ ಕಳಿಸಲಿಲ್ಲ, ತಾಯಿಯ ಅಕ್ಕನ ಮನೆಗೆ ಕಳಿಸಿದರು. ಔಷಧಿಯೂ ಇತ್ತು, ಆದರೆ ಹೆಚ್ಚು ಕೆಲಸ ಮಾಡಿದ್ದು ಗಾಳಿ. ಐದನೆಯ ವಾರ ದೊಡ್ಡಮ್ಮನಿಂದ ಒಂದು ಕಾಗದ ಬಂತು: ನಿನ್ನ ಮಗಳು ಬೆಳಗ್ಗೆ ಎದ್ದು ಬಾಯಿ ತೆರೆದರೆ ಮಲಗುವವರೆಗೂ ಮುಚ್ಚುವುದಿಲ್ಲ, ನನ್ನ ತಲೆ ಚಿಟ್ಟು ಹಿಡಿದಿದೆ. ತಾಯಿ ಆ ಕಾಗದವನ್ನು ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು ಗೊಳೋ ಎಂದು ಅತ್ತಳು. ಸಂತೋಷಕ್ಕೆ ಅಷ್ಟೊಂದು ಅಳುಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಅದಾದ ಮೇಲೆ ಒಂದಷ್ಟು ದಿನ ಅವಳಿಗೆ ಹಗುರವೋ ಹಗುರ. ಎಲ್ಲ ಪಾಪವನ್ನೂ ಪಾದರಸದ ತಲೆಗೆ ಕಟ್ಟಿದಳು. ಗಂಡನ ಕೋಪ? ಪಾದರಸ. ತಾನು ಮಗುವಿಗೆ ಹೊಡೆದದ್ದು? ಡಾಕ್ಟರನ್ನೇ ಕೇಳಿದ್ದಳು, ನಿಮ್ಮ ಮೈಯಲ್ಲೂ ಇತ್ತಲ್ಲಮ್ಮ, ಇರಬಹುದು, ಎಂದಿದ್ದರು. ಇರಬಹುದು ಎಂಬುದನ್ನು ಹೌದು ಎಂದು ಮಾಡಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ? ಪಕ್ಕದ ಮನೆಯವಳೊಂದಿಗೆ ಮಾತು ಬಿಟ್ಟದ್ದು, ಉಕ್ಕಿದ ಹಾಲು, ಕಳೆದುಹೋದ ಬೀಗದ ಕೈ, ಎಲ್ಲವೂ ಅದರದ್ದೇ. ಹೀಗೆ ಒಂದೊಂದನ್ನೇ ಹಿಂದಕ್ಕೆ ಹಿಂದಕ್ಕೆ ಎಣಿಸುತ್ತಾ ಹೋದವಳು ಒಂದು ದಿನ ಆ ಕೋಣೆಯ ಖಾಲಿ ಮಂಚದ ಹತ್ತಿರ ಬಂದು ಗಕ್ಕನೆ ನಿಂತಳು.

ಗಿಣಿಗಿಂತ ಮೊದಲು ಆ ಮಂಚದಲ್ಲಿ ಮಲಗುತ್ತಿದ್ದವಳು ನಾದಿನಿ.

ಲಾಂಡ್ರಿ ಮುಚ್ಚಿದ ವರ್ಷ ಅವಳಿಗೆ ಇಪ್ಪತ್ತೆರಡು. ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್. ಮದುವೆ ಗೊತ್ತಾಗಿತ್ತು. ಶನಿವಾರ ಸಂಜೆ ಅತ್ತಿಗೆ ಇಸ್ತ್ರಿ ಹಾಕುತ್ತಿದ್ದರೆ ಇವಳು ಮಂಚದ ಮೇಲೆ ಕೂತು ವಕೀಲರ ದನಿಯಲ್ಲಿ ಮಾತಾಡಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು. ಒಂದು ವರ್ಷ ತುಂಬುವುದರೊಳಗೆ ಅವಳು ಟೈಪು ಮಾಡಿದ ಕಾಗದಗಳಲ್ಲಿ ತಪ್ಪುಗಳೇ ಹೆಚ್ಚಾದವು, ಕೆಲಸ ಹೋಯಿತು. ಮದುವೆಯಾಗಬೇಕಿದ್ದವನು ನೋಡಲು ಬಂದಾಗ ಮಂಚದ ಕೆಳಗೆ ಅಡಗಿ ಕೂತಳು. ಎರಡನೆಯ ಸಲ ಬಂದಾಗ ಅವನ ಮೇಲೆ ಕುರ್ಚಿ ಎಸೆದಳು. ಮೂರನೆಯ ಸಲ ಅವನು ಬರಲಿಲ್ಲ. ಮದುವೆಯ ಭಯ, ಎಂದರು ಕೆಲವರು. ಅವನು ಬಿಟ್ಟುಹೋದ ಕೊರಗು, ಎಂದರು ಉಳಿದವರು. ಕಾರಣಗಳಿಗೇನು ಬರ? ಒಬ್ಬಳು ಹುಡುಗಿಗೆ ತಲೆ ಕೆಟ್ಟರೆ ಊರಿನವರೆಲ್ಲ ಡಾಕ್ಟರೇ. ಅಣ್ಣ ಅವಳನ್ನು ದೊಡ್ಡಾಸ್ಪತ್ರೆಗೆ ಸೇರಿಸಿ ಬಂದ.

ಇಷ್ಟೂ ಆ ಕೋಣೆಯ ತಪ್ಪು, ಆ ಇಸ್ತ್ರಿಯ ತಪ್ಪು. ಅತ್ತಿಗೆ ಅತ್ತಳು, ಆದರೆ ಇದನ್ನೂ ಪಾದರಸದ ತಲೆಗೇ ಕಟ್ಟಬಹುದಿತ್ತು. ಕಟ್ಟಲಾಗದ್ದು ಇನ್ನೊಂದಿತ್ತು. ಅದನ್ನು ಅವಳು ಇಷ್ಟು ವರ್ಷ ತನಗೇ ಗೊತ್ತಿಲ್ಲದ ಹಾಗೆ ಬಚ್ಚಿಟ್ಟಿದ್ದಳು.

ನಾದಿನಿ ಹೋದ ಎಂಟನೆಯ ತಿಂಗಳು ಆಸ್ಪತ್ರೆಯಿಂದ ಒಂದು ಪತ್ರ ಬಂದಿತ್ತು. ರೋಗಿ ಈಗ ಚೆನ್ನಾಗಿದ್ದಾಳೆ, ಕೈ ನಡುಕ ನಿಂತಿದೆ, ಎಲ್ಲರೊಂದಿಗೆ ಬೆರೆಯುತ್ತಾಳೆ, ಮನೆಯವರು ಬಂದು ಕರೆದುಕೊಂಡು ಹೋಗಬಹುದು. ಗಂಡ ಆ ಪತ್ರವನ್ನು ಓದಿ ಮುಗುಳ್ನಕ್ಕಿದ್ದ. ಬೇಡ ಎಂದದ್ದು ಇವಳು. “ಮನೇಲಿ ಎರಡು ವರ್ಷದ ಮಗು ಇದೆ. ನಾಳೆ ಆ ಕುರ್ಚಿ ಮಗು ಮೇಲೆ ಎಸೆದ್ರೆ? ಇನ್ನು ಸ್ವಲ್ಪ ದಿನ ಅಲ್ಲೇ ಇರ್ಲಿ,” ಎಂದಿದ್ದಳು. ಎರಡು ದಿನ ಅಣ್ಣ ಮುಖ ಗಂಟು ಹಾಕಿಕೊಂಡಿದ್ದ, ಮೂರನೆಯ ದಿನ ಉತ್ತರ ಬರೆದ, ತಂಗಿಗೆ ಹೇಳಬೇಡಿ ಎಂದು ಸೇರಿಸಿ. ಆಮೇಲೆ ಇನ್ನೆರಡು ಪತ್ರ ಬಂದವು. ಆಮೇಲೆ ಬರಲಿಲ್ಲ. ತಿಂಗಳಿಗೊಮ್ಮೆ ನೋಡಲು ಹೋಗುತ್ತಿದ್ದುದೂ ಆ ಮೊದಲ ಪತ್ರದ ಮೇಲೆ ನಿಂತೇಹೋಯಿತು. ಆ ಮಾತಾಡಿದ ದಿನ ತನ್ನ ಬಾಯಿಯಲ್ಲಿ ತಾಮ್ರದ ರುಚಿ ಇತ್ತೇ ಎಂದು ಅವಳು ಎಷ್ಟೋ ನೆನಪು ಮಾಡಿಕೊಳ್ಳಲು ನೋಡಿದಳು. ಇರಲಿಲ್ಲ. ಅಂದು ಅವಳ ತಲೆ ನೆಟ್ಟಗಿತ್ತು, ಕೈ ಸ್ಥಿರವಾಗಿತ್ತು, ಮಾಡಿದ ಯೋಚನೆ ಪೂರ್ತಿ ಅವಳದ್ದೇ.

ಗಂಡ ಬಿಡುಗಡೆಯ ಅರ್ಜಿಗೆ ಸಹಿ ಹಾಕಿಕೊಟ್ಟ. ಜೊತೆಗೆ ಬರುವ ಧೈರ್ಯ ಅವನಿಗಿರಲಿಲ್ಲ. “ನೀನೇ ಹೋಗಿ ಕರ್ಕೊಂಡು ಬಾ. ನನ್ನ ಮುಖ ನೋಡಿದ್ರೆ ಅವಳು ಏನಂತಾಳೋ,” ಎಂದು ಹೊರಗೆ ಹೋದ.

ನಾಲ್ಕು ಗಂಟೆಯ ಬಸ್ಸಿನ ದಾರಿ. ಉದ್ದಕ್ಕೂ ಅವಳು ಮಾತು ಜೋಡಿಸುತ್ತಾ ಹೋದಳು. ಆಸ್ಪತ್ರೆಯ ಭೇಟಿಯ ಕೋಣೆಯಲ್ಲಿ ಎರಡು ಬೆಂಚು, ಒಂದು ಗಡಿಯಾರ, ಫಿನಾಯಿಲ್ ವಾಸನೆ. ನಾದಿನಿ ಬಂದಳು. ಮೂವತ್ತಕ್ಕೇ ಕಿವಿಯ ಮೇಲಿನ ಕೂದಲು ನರೆತಿತ್ತು. ತೋಳಿನ ಮೇಲೆ ಹಿಟ್ಟು ಅಂಟಿತ್ತು; ಐದು ವರ್ಷದಿಂದ ಅಲ್ಲಿಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಾಳಂತೆ. ಕೈಗಳು ಬಂಡೆಯಂತೆ ಸ್ಥಿರವಾಗಿದ್ದವು.

“ಅತ್ತಿಗೆ! ಮಗು ಹೇಗಿದೆ?”

ಅದೇ ಅವಳ ಮೊದಲ ಮಾತು. ಅತ್ತಿಗೆ ಬಸ್ಸಿನಲ್ಲಿ ಜೋಡಿಸಿದ್ದೆಲ್ಲ ಮರೆತುಹೋಯಿತು. ತೊದಲುತ್ತಾ ಶುರು ಮಾಡಿದವಳು ಗಿಣಿಯ ಕಾಯಿಲೆ, ಅಕ್ಕಸಾಲಿಗ, ವರದಿ, ಮುಚ್ಚಿದ ಕಿಟಕಿ, ಎಲ್ಲವನ್ನೂ ಹೇಳಿದಳು. ನಾದಿನಿ ನಡುವೆ ಬಾಯಿ ಹಾಕದೆ ಕೇಳಿದಳು. ಮುಗಿದ ಮೇಲೆ ತನ್ನ ಕೈಗಳನ್ನು ಚಾಚಿ ನೋಡಿಕೊಂಡಳು.

“ಹಾಗಾದ್ರೆ ಅದು ನಾನಲ್ವಾ?”

“ಅಲ್ಲ ಕಣೇ. ನೀನಲ್ಲ.”

“ನಮ್ಮ ರಕ್ತದಲ್ಲೇ ಇದೆ ಅಂದಿದ್ರು. ಮತ್ತೆ ಬರಬಹುದು ಅಂದಿದ್ರು. ದಿನಾ ಬೆಳಗ್ಗೆ ಎದ್ದು ಕೈ ಚಾಚಿ ನೋಡ್ಕೋತೀನಿ ಅತ್ತಿಗೆ, ನಡುಗ್ತಿದೆಯಾ ಅಂತ. ಏಳು ವರ್ಷದಿಂದ.” ಅವಳು ನಗಲು ನೋಡಿದಳು, ಆಗಲಿಲ್ಲ. “ಇಲ್ಲಿಗೆ ಬಂದ ಐದಾರು ತಿಂಗಳಿಗೇ ಸರಿಹೋಗಿದ್ದೆ. ಡಾಕ್ಟರು ಮನೆಗೆ ಕಾಗದ ಬರೆದ್ರು. ಮೂರು ಸಲ ಬರೆದ್ರು. ನಾನೇ ಅಂಚೆಗೆ ಹಾಕ್ಸಿದ್ದು. ವಿಳಾಸ ತಪ್ಪಿರ್ಬೇಕು, ಇಲ್ಲಾಂದ್ರೆ ಅಣ್ಣ ಓಡಿ ಬರ್ತಿದ್ದ, ಅಲ್ವಾ? ಆ ಕಾಗದ ಸಿಕ್ಕಿತ್ತಾ ನಿಮಗೆ?”

ಸಿಗಲಿಲ್ಲ ಎಂದರೆ ಮುಗಿಯುತ್ತಿತ್ತು. ಇಬ್ಬರೂ ತಬ್ಬಿಕೊಂಡು ಅತ್ತು, ಎಲ್ಲವನ್ನೂ ಆ ಬೆಳ್ಳಿ ಹನಿಗಳ ಮೇಲೆ ಹೊರಿಸಿ, ಜೊತೆಜೊತೆಗೆ ಮನೆಗೆ ಬರಬಹುದಿತ್ತು. ಆ ಒಂದು ಪದ ಅವಳ ನಾಲಿಗೆಯ ತುದಿಗೂ ಬಂತು. ಆದರೆ ಎದುರಿಗಿದ್ದವಳು ಏಳು ವರ್ಷ ತನ್ನ ತಲೆಯನ್ನೇ ನಂಬದೆ ಬದುಕಿದ್ದಳು. ಇನ್ನೊಂದು ಸುಳ್ಳು ಕಾರಣವನ್ನು ಅವಳ ಕೈಗೆ ಕೊಡಲು ಅತ್ತಿಗೆಗೆ ಆಗಲಿಲ್ಲ.

“ಸಿಕ್ಕಿತ್ತು,” ಎಂದಳು. “ಮೂರೂ ಸಿಕ್ಕಿತ್ತು. ನಿಮ್ಮಣ್ಣ ಹೊರಟಿದ್ರು. ಬೇಡ ಅಂದಿದ್ದು ನಾನು.”

ನಾದಿನಿ ತೋಳಿನ ಮೇಲಿನ ಹಿಟ್ಟನ್ನು ಉಗುರಿನಿಂದ ಕೆರೆದು ಕೆರೆದು ತೆಗೆದಳು. ಆಮೇಲೆ ಎದ್ದು, “ಎಲ್ಲಿ ಸಹಿ ಹಾಕ್ಬೇಕು?” ಎಂದು ಬಾಗಿಲಲ್ಲಿದ್ದ ನರ್ಸನ್ನು ಕೇಳಿದಳು. ಹೋಗಲು ಅವಳಿಗೆ ಬೇರೆ ಮನೆ ಇರಲಿಲ್ಲ.

ಅವಳ ಸಾಮಾನು ಒಂದು ಚೀಲಕ್ಕಿಂತ ಹೆಚ್ಚಿರಲಿಲ್ಲ. ಅದನ್ನು ಹೊರಲು ಅತ್ತಿಗೆ ಕೈ ಚಾಚಿದಾಗ ಕೊಡಲಿಲ್ಲ. ಬಸ್ಸಿನಲ್ಲಿ ಹೆಚ್ಚು ಜನರಿರಲಿಲ್ಲ. ಅತ್ತಿಗೆ ಕಿಟಕಿಯ ಪಕ್ಕದ ಸೀಟನ್ನು ಅವಳಿಗೆಂದು ಬಿಟ್ಟು, ಈಚೆ ಸರಿದು ಕೂತಳು. ನಾದಿನಿ ಆ ಸೀಟನ್ನು ನೋಡಿದಳು, ದಾಟಿಕೊಂಡು ಹಿಂದಕ್ಕೆ ಹೋಗಿ, ಕೊನೆಯ ಸಾಲಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಟಿಕೆಟ್ ಕೊಡಲು ಬಂದ ಕಂಡಕ್ಟರ್, “ಇಬ್ಬರೂ ಒಟ್ಟಿಗಾ?” ಎಂದು ಕೇಳಿದ.

ಅತ್ತಿಗೆ ಹಿಂದಿರುಗಿ ನೋಡಿದಳು. ನಾದಿನಿ ಹೊರಗೆ ನೋಡುತ್ತಿದ್ದಳು.

“ಹೌದು,” ಎಂದಳು ಅತ್ತಿಗೆ, “ಎರಡು ಕೊಡಿ.”